ಅಕ್ಕನ ಫೋನು ಬಿಟ್ಟು ಬಾರದ ಆಟ

ಭಾನುವಾರ ಬೆಳಿಗ್ಗೆ ಸ್ನಾನ, ಪೂಜೆ, ಉಪ್ಪಿಟ್ಟು ಮುಗಿದ ಮೇಲೆ ನಾನು ಮನೆಯ ಕಪಾಟಿನ ಒಂದು ಖಾನೆಯನ್ನು ಖಾಲಿ ಮಾಡಿ, ಒರೆಸಿ, ಮತ್ತೆ ಜೋಡಿಸುತ್ತೇನೆ. ವಾರಕ್ಕೆ ಒಂದೇ ಖಾನೆ. ಎರಡು ಮಾಡಿದರೆ ಅದು ಶಿಸ್ತಲ್ಲ, ಹುಚ್ಚು. ಹೀಗೆಂದು ನಾನು ಹೇಳಿದಾಗಲೆಲ್ಲ ನನ್ನ ಹೆಂಡತಿ, "ಒಂದ ಮಾಡಿದ್ರೂ ಅದ ಐತ್ರಿ" ಎನ್ನುತ್ತಾಳೆ.

ಹೋದ ಭಾನುವಾರ ಖಾನೆಯಿಂದ ತೆಳು ಪಿನ್ನಿನ ಚಾರ್ಜರ್ ಹೊರಬಂತು. ವೈರನ್ನು ನೀಟಾಗಿ ಸುತ್ತಿ ರಬ್ಬರ್ ಹಾಕಿ ಇಟ್ಟವನು ನಾನೇ. ನಮ್ಮ ಮನೆಯಲ್ಲಿರುವ ಯಾವ ಫೋನಿಗೂ ಅದು ಹೊಂದುವುದಿಲ್ಲ. ಹೊಂದುವ ಫೋನು ಇರುವುದು ಇಳಕಲ್ಲಿನಲ್ಲಿ, ನನ್ನ ಅಕ್ಕನ ಮನೆಯಲ್ಲಿ.

"ಇದನ್ನ ಒಮ್ಮೆ ಅಲ್ಲೇ ಬಿಟ್ಟು ಬರಬಾರದೇನ್ರಿ?" ಎಂದಳು ಹೆಂಡತಿ. "ಹೋಗುವಾಗ ಒಯ್ಯತೀರಿ, ಬರುವಾಗ ತರ್ತೀರಿ. ನೋಡಿದವ್ರು ಏನಂದಾರು?"

ಏನಾದರೂ ಅನ್ನಲಿ. ಆದರೆ ಪ್ರಶ್ನೆ ಸರಿಯಾದದ್ದೇ. ಇಲ್ಲಿ ಉಪಯೋಗವಿಲ್ಲದ ವಸ್ತು ಇಲ್ಲಿ ಯಾಕಿದೆ? ಉತ್ತರ ಹೇಳಬೇಕೆಂದರೆ ಒಂದು ಸಣ್ಣ ಆಟದ ವಿಷಯ ಹೇಳಬೇಕು. ಅದಕ್ಕೂ ಮೊದಲು ಒಂದು ಕಬ್ಬಿಣದ ಗುಂಡಿನ ವಿಷಯ.

ನಾನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿದ್ದವನು. ಕೊನೆಯ ಕೆಲವು ವರ್ಷ ಬಾದಾಮಿಯಲ್ಲಿದ್ದೆ. ನಮ್ಮದು ಒಂದೇ ಹಳಿಯ ದಾರಿ. ಎದುರಿನಿಂದ ಇನ್ನೊಂದು ಗಾಡಿ ಬರಬಾರದೆಂದು ಒಂದು ವ್ಯವಸ್ಥೆ ಇತ್ತು. ಮುಂದಿನ ಸ್ಟೇಷನ್ನಿನವರು ಒಪ್ಪಿದರೆ ಮಾತ್ರ ನಮ್ಮ ಮೇಜಿನ ಮೇಲಿನ ಯಂತ್ರದಿಂದ ಒಂದು ಲೋಹದ ಗುಂಡು ಉದುರುತ್ತಿತ್ತು. ಅದಕ್ಕೆ ಟೋಕನ್ ಎನ್ನುತ್ತಿದ್ದೆವು. ಬೆತ್ತದ ಬಳೆಗೆ ಹೊಲಿದ ಚರ್ಮದ ಚೀಲದಲ್ಲಿ ಅದನ್ನಿಟ್ಟು ಡ್ರೈವರನ ಕೈಗೆ ಕೊಡಬೇಕು. ಕೈಯಲ್ಲಿ ಗುಂಡು ಇಲ್ಲದೆ ಅವನು ಗಾಡಿಯನ್ನು ಒಂದು ಮಾರು ಕೂಡ ಮುಂದೆ ಬಿಡುವುದಿಲ್ಲ. ಸ್ಟೇಷನ್ನಿನ ಒಂದು ಬದಿಯ ದಾರಿಯ ಗುಂಡು ಇನ್ನೊಂದು ಬದಿಯ ದಾರಿಯ ಯಂತ್ರದೊಳಗೆ ಹೋಗುವುದೂ ಇಲ್ಲ. ಬೇಕೆಂದೇ ಹಾಗೆ ಮಾಡಿರುತ್ತಾರೆ.

ಅಕ್ಕ ಒಮ್ಮೆ ಬಾದಾಮಿಯ ನಮ್ಮ ಕ್ವಾರ್ಟರ್ಸಿಗೆ ಬಂದಿದ್ದಾಗ ಸ್ಟೇಷನ್ನಿಗೂ ಬಂದು, ಆ ಗುಂಡನ್ನು ನೋಡಿ ಬಹಳ ಹೊತ್ತು ನಿಂತಿದ್ದಳು.

"ಇಷ್ಟ ಗುಂಡಿನ ಸಲುವಾಗಿ ಅಷ್ಟ ದೊಡ್ಡ ಗಾಡಿ ನಿಲ್ಲತೈತೇನೋ ತಮ್ಮಾ?"

"ಗುಂಡ ಕೈಯಾಗ ಇಲ್ದ ಗಾಡಿ ಹೊಂಡಂಗಿಲ್ಲಕ್ಕಾ."

"ನಿಮ್ಮ ನೌಕರಿ ಭಾಳ ಛಲೋ ಬಿಡು. ಗೋಲಿಗುಂಡಾ ಆಡಿದ್ದಕ್ಕ ಪಗಾರ."

ಅಕ್ಕನ ಹೆಸರು ಗೌರವ್ವ. ನಮ್ಮದು ಇಳಕಲ್ಲಿನ ನೇಕಾರರ ಮನೆ. ನಾನು ಓದಿ ರೈಲ್ವೆಗೆ ಹೋದೆ, ಅಕ್ಕ ಅದೇ ಊರಿನ ಇನ್ನೊಂದು ಮಗ್ಗದ ಮನೆಗೆ ಹೋದಳು. ಈಗ ಮಗ್ಗದಲ್ಲಿ ಅವಳ ಮಗ ವಿಠ್ಠಲ ಕೂರುತ್ತಾನೆ. ಅಕ್ಕ ಚರಕದ ಮುಂದೆ ಕಂಡಿಕೆ ಸುತ್ತುತ್ತಾಳೆ, ಅಂದರೆ ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ. ಮಂಡಿ ಹಿಡಿದಿರುವುದರಿಂದ ನೆಲಕ್ಕೆ ಕೂರಲಾರಳು. ಗೋಡೆಗೆ ಹಚ್ಚಿದ ಕಟ್ಟಿಗೆಯ ಮಣೆಯ ಮೇಲೆ ಕೂತು, ಚರಕವನ್ನೂ ಇಟ್ಟಿಗೆಯ ಮೇಲೆ ಎತ್ತರಿಸಿಕೊಂಡಿದ್ದಾಳೆ.

ನನಗೂ ಅವಳಿಗೂ ಜಗಳವೇನೂ ಇರಲಿಲ್ಲ. ಆದರೆ ಊರಿಂದ ಊರಿಗೆ ವರ್ಗವಾಗುತ್ತ ನಾನು ಅವಳ ಮನೆಗೆ ಅತಿಥಿಯಾಗಿಬಿಟ್ಟಿದ್ದೆ. ಮದುವೆಗೆ ಹೋಗುವುದು, ಹೋಳಿಗೆ ಉಣ್ಣುವುದು, ಗಡಿಯಾರ ನೋಡುವುದು, ಬಸ್ಸು ಹಿಡಿಯುವುದು. ನಿವೃತ್ತನಾಗಿ ಬಾಗಲಕೋಟೆಯಲ್ಲಿ ನೆಲೆಸಿದ ಮೇಲೂ ಅದೇ ಪದ್ಧತಿ ಮುಂದುವರಿಯಿತು. ಕೈಯಲ್ಲಿ ಫೋನು ಬಂದ ಮೇಲೆ ಹೋಗುವ ಕಾರಣವೂ ಕಡಿಮೆಯಾಯಿತು. ವಾರಕ್ಕೊಮ್ಮೆ "ಆರಾಮ ಅದೀಯಿಲ್ಲೋ?" "ಆರಾಮ ಅದೇನಿ." ಮುಗಿಯಿತು.

ಒಂದು ದಿನ ನಾನು ಫೋನು ಮಾಡಿದರೆ ಅಕ್ಕ "ಹಲೋ, ಹಲೋ" ಎಂದು ಕೂಗಿ ಇಟ್ಟುಬಿಟ್ಟಳು. ಮತ್ತೆ ಮಾಡಿದೆ. ಮತ್ತೆ "ಹಲೋ". ಮೂರನೆಯ ಸಲ ಎತ್ತಲೇ ಇಲ್ಲ. ವಿಠ್ಠಲನ ಫೋನು ಬಂದ್ ಇತ್ತು. ಏನೋ ಆಗಿದೆ ಎಂದುಕೊಂಡು ನಾನು ಸಿಕ್ಕ ಬಸ್ಸು ಹತ್ತಿದೆ. ಶಿರೂರು ದಾಟುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅಮೀನಗಡದಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ಕರದಂಟು ಕೊಂಡರು. ಅಕ್ಕನಿಗೆ ಏನಾಗಿದೆಯೋ ತಿಳಿಯದೆ ಕರದಂಟು ಒಯ್ಯುವುದು ಹೇಗೆ ಎಂದು ನಾನು ಕೊಳ್ಳಲಿಲ್ಲ. ಹೋಗಿ ನೋಡಿದರೆ ಅಕ್ಕ ಮಣೆಯ ಮೇಲೆ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ, ಫೋನಿನ ಗುಂಡಿಗಳನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು.

"ಯಾಕ ಬಂದ್ಯೋ ತಮ್ಮಾ, ಹೇಳದ?"

"ನೀ ಯಾಕ ಫೋನ್ ಎತ್ತಲಿಲ್ಲ?"

"ಎತ್ತಿದ್ನೆಲ್ಲಾ. ಮಾತ ಕೇಳಂಗಿಲ್ಲ ಇದರಾಗ. ಕಿವಿ ಕೆಟ್ಟೈತಿ ಅದರದು. ನೀ ಮತ್ತ ಮತ್ತ ಮಾಡಿ ನನ್ನ ಆಟ ಕೆಡಿಸಿದಿ. ಕರದಂಟು ತಂದೀಯೇನು?"

ಆಟ ಅಂದರೆ ನಮ್ಮ ಚೌಕಾಬಾರದ ಬಳಗದ್ದೇ ಒಂದು. ಹುನಗುಂದದಲ್ಲಿ ಮಾಸ್ತರಕಿ ಮಾಡುವ ಅಕ್ಕನ ಮಗಳು ತಾನು ಈ ಫೋನನ್ನು ಉಪಯೋಗಿಸುತ್ತಿದ್ದ ಕಾಲದಲ್ಲಿ ನೆಟ್ ಹಾಕಿಸಿ ಇಳಿಸಿಕೊಂಡದ್ದು. ಆಮೇಲೆ ಫೋನು ಅವ್ವನಿಗೆ ಬಂತು, ಆಟವೂ ಜೊತೆಗೆ ಬಂತು. ಅಂಗೈಗಿಂತ ಸಣ್ಣ ಪರದೆ, ಅದರಲ್ಲಿ ಕೆಂಪು, ಹಸಿರು ಕಾಯಿಗಳು. ಐದರ ಗುಂಡಿ ಒತ್ತಿದರೆ ದಾಳ ಉರುಳುತ್ತದೆ. ಕಾಯಿ ಸುತ್ತಿ ಸುತ್ತಿ ಕೆಳಗಿನ ಮನೆ ಸೇರಬೇಕು. ಫೋನಿನ ಜೊತೆಗೂ ಆಡಬಹುದು, ಇಬ್ಬರು ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸುತ್ತ ಕೂಡ ಆಡಬಹುದು.

"ಕೂಡು. ಹಸರ ನಿಂದು," ಎಂದಳು.

ನಾನು ಕೂತೆ. ದಾಳ ಬಿತ್ತು. ಎರಡು ಕಾಯಿಗಳಲ್ಲಿ ಯಾವುದನ್ನು ನಡೆಸುವುದೆಂದು ನಿಶ್ಚಯಿಸಿ, ಅಭ್ಯಾಸದಂತೆ, "ಮೇಲಿನ ಕಾಯಿ ನಡಸ್ತೇನಿ, ಮೇಲಿನ ಕಾಯಿ" ಎಂದು ಎರಡು ಸಲ ಹೇಳಿ ಅಕ್ಕನ ಒಪ್ಪಿಗೆಗೆ ಕಾದೆ. ರೈಲ್ವೆಯಲ್ಲಿ ಹಾಗೆಯೇ. ನಾನು ಹೇಳಿದ್ದನ್ನು ಆ ಕಡೆಯವರು ತಿರುಗಿ ಹೇಳಬೇಕು, ಅವರು ಹೇಳಿದ್ದನ್ನು ನಾನು ತಿರುಗಿ ಹೇಳಬೇಕು. ಆಮೇಲೆಯೇ ಕೈ ಮುಂದೆ. ಆದರೆ ಪರದೆಯ ಮೂಲೆಯಲ್ಲಿ ಒಂದು ಮರಳಿನ ಗಡಿಯಾರ ಸುರಿಯುತ್ತಿದ್ದುದನ್ನು ನಾನು ನೋಡಿರಲಿಲ್ಲ. ಅದು ಖಾಲಿಯಾಯಿತು. ನನ್ನ ಸರದಿ ಹೋಯಿತು.

"ಏನಾತು?"

"ನೀ ಭಾಷಣ ಮಾಡಿದಿ, ಅದು ಮುಂದ ಹೋತು."

ಆ ದಿನ ನಾನು ಸೋತದ್ದೆಲ್ಲ ಹೀಗೆಯೇ. ಅಕ್ಕನ ಬೆರಳು ಲಾಳಿಯಂತೆ ಓಡುತ್ತಿತ್ತು. ನಾನು ಕಾಯುತ್ತಿದ್ದೆ, ಮರಳು ಸುರಿಯುತ್ತಿತ್ತು. ಬಾಗಲಕೋಟೆಯ ಬಸ್ಸಿಗೆ ಏಳಬೇಕಾದ ಹೊತ್ತು ಯಾವಾಗ ದಾಟಿತೋ ತಿಳಿಯಲಿಲ್ಲ. ಬಸ್ಸು ತಪ್ಪಿಸಿಕೊಂಡ ಸ್ಟೇಷನ್ ಮಾಸ್ತರ! ಅಕ್ಕ ಓಣಿಯವರಿಗೆಲ್ಲ ಹೇಳಿದಳು.

ಸಣ್ಣವರಿದ್ದಾಗ ನಾವು ಮಗ್ಗದ ಕುಣಿಯ ಪಕ್ಕದ ನೆಲದಲ್ಲಿ ಸುಣ್ಣದ ತುಂಡಿನಿಂದ ಮನೆ ಬರೆದು ಆಡುತ್ತಿದ್ದೆವು. ಹುಣಸೆ ಬೀಜ ಒಡೆದು, ಒಂದು ಬದಿ ತಿಕ್ಕಿ ಬೆಳ್ಳಗೆ ಮಾಡಿದರೆ ದಾಳ. ನನ್ನ ಕಾಯಿ ಶೇಂಗಾ ಸಿಪ್ಪೆ, ಅಕ್ಕನ ಕಾಯಿ ಬಳೆಚೂರು. ಶೇಂಗಾ ಸಿಪ್ಪೆ ಗಾಳಿಗೆ ಹಾರಿದರೆ "ಸತ್ತತು" ಎನ್ನುವ ಕಾಯಿದೆಯನ್ನು ಅಕ್ಕ ಮಾಡಿದ್ದಳು. ಗಾಳಿ ಯಾವಾಗಲೂ ಅವಳ ಬಾಯಿಂದಲೇ ಬರುತ್ತಿತ್ತು ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಆ ಆಟಕ್ಕೆ ಇಂಥದೇ ನೆಲ ಬೇಕು ಎಂದಿರಲಿಲ್ಲ. ಗುಡಿಯ ಕಟ್ಟೆ ಆದೀತು, ರೊಟ್ಟಿ ಹಲಗೆಯ ಬೆನ್ನಾದೀತು, ಒಮ್ಮೆ ಅಪ್ಪನ ಹೊಸ ಕೊಡೆಯ ಮೇಲೂ ಬರೆದು ಇಬ್ಬರೂ ಪೆಟ್ಟು ತಿಂದಿದ್ದೆವು.

ಫೋನಿನ ಆಟ ಹಾಗಲ್ಲ ಎಂದು ತಿಳಿದದ್ದು ಮುಂದಿನ ಸಲ ನಾನು ಹೋದಾಗ, ವಿಠ್ಠಲ ಹೊಸ ಫೋನಿನ ಮಾತೆತ್ತಿದಾಗ.

"ಮಾಮಾ, ನೀವರೆ ಅವ್ವಗ ಹೇಳ್ರಿ," ಎಂದ. "ಮೌಲಾಸಾಬನ ಅಂಗಡ್ಯಾಗ ಹಳೇ ಫೋನ್ ಕೊಟ್ರ ಹೊಸಾದು ಕೊಡ್ತಾರ. ಮಾತಿಲ್ಲದ ಫೋನ್ ಇಟಕೊಂಡು ಮಾಡೂದೇನು? ನಾ ಹುಬ್ಬಳ್ಳಿಗೆ ಸೀರಿ ತಗೊಂಡ ಹೋದಾಗ ಈಕಿಗೆ ಏನರೆ ಆದ್ರ ನನಗ ಗೊತ್ತಾಗೂದು ಹೆಂಗ?"

ಅವನ ಮಾತು ಸರಿಯಾಗಿಯೇ ಇತ್ತು. ಆ ದಿನದ ಬಸ್ಸಿನಲ್ಲಿ ನನ್ನ ಎದೆ ಬಡಿದದ್ದಕ್ಕೆ ನಾನೇ ಸಾಕ್ಷಿ. ಆದರೆ ಅಕ್ಕ ಫೋನನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ನನ್ನ ಆಟ?"

"ಹೊಸಾದ್ರಾಗ ಬ್ಯಾರೆ ಆಟ ಇರ್ತಾವಬೇ."

"ಬ್ಯಾರೆ ನನಗ್ಯಾಕ? ಇದ ನನ್ನ ಕೈಗೆ ಕುಂತೈತಿ. ತಮ್ಮಗೂ ಈಗ ಸೋಲೂದು ರೂಢಿ ಆಗೈತಿ."

ನಾನು ನಡುವೆ ಬಾಯಿ ಹಾಕಿದೆ. "ಅಕ್ಕಾ, ಆಟಾನೂ ಹೊಸಾದಕ್ಕ ಹಾಕಸ್ತೇನಿ. ಬರಲಿಲ್ಲಂದ್ರ ಹಳೇದು ಕೊಡೂದ ಬ್ಯಾಡ. ಇದು ನನ್ನ ಮಾತು."

ಅಕ್ಕ ನನ್ನ ಮುಖ ನೋಡಿದಳು. "ನಿನ್ನ ಮಾತಿನ ಮ್ಯಾಲ ಗಾಡಿ ಓಡ್ಯಾವ. ಆತು, ನಡೀರಿ."

ವಿಠ್ಠಲ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಂಗಡಿಗೆ ಬಂದ. ಮೌಲಾಸಾಬ ನನ್ನ ಸಾಲಿಯ ಗೆಳೆಯ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ. ಈಗ ಅರ್ಧ ಅಂಗಡಿ ಗಡಿಯಾರ, ಅರ್ಧ ಮೊಬೈಲು.

"ಏನ್ ತಂದೀಲೇ ಮಾಸ್ತರ? ನಿನ್ನ ಗಡಿಯಾರ ಕೆಟ್ಟಿದ್ರ ಹೇಳಬ್ಯಾಡಪಾ, ಊರಿಗೆ ಛಲೋ ಅಲ್ಲ."

"ಆಟ ತಂದೇನಿ. ಇದರಾಗಿಂದು ಅದರಾಗ ಹಾಕಬೇಕು."

"ಈ ವಯಸ್ಸಿನ್ಯಾಗ? ಭಾಭಿಗೆ ಗೊತ್ತೈತೇನು?"

ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಚಹಾ ಹೇಳಿ, ಅವನು ಹಳೆಯ ಫೋನು, ಹೊಸ ಫೋನು ಎರಡನ್ನೂ ತಲೆಗೆ ತಲೆ ಹಚ್ಚಿ ಗಾಜಿನ ಮೇಲೆ ಮಲಗಿಸಿದ. ಮೊದಲು ಒಂದು ಹಾಡು ಕಳಿಸಿದ, ಹೋಯಿತು. ಮೊಮ್ಮಕ್ಕಳ ಫೋಟೋ ಕಳಿಸಿದ, ಹೋಯಿತು. ಆಟದ ಹೆಸರಿನ ಮೇಲೆ ಒತ್ತಿದರೆ ಕಳಿಸಲಾಗದು ಎಂದು ಬಂತು. ಹೊರಳಿಸಿ ನೋಡಿದ, ಕಾರ್ಡು ತೆಗೆದು ಹಾಕಿ ನೋಡಿದ, ಎರಡನ್ನೂ ಆರಿಸಿ ಹಚ್ಚಿ ನೋಡಿದ.

"ಬರಂಗಿಲ್ಲಪಾ. ಆಟ ಮಾಡಿದವ್ರು ಕೀಲಿ ಹಾಕ್ಯಾರ. ಈ ಫೋನಿಗೆ ತಗೊಂಡಿದ್ದು ಈ ಫೋನಿನ್ಯಾಗ."

ಅಕ್ಕನಿಗೆ ಇದು ಒಪ್ಪಿಗೆಯಾಗಲಿಲ್ಲ. "ನಾವು ಒಡಲ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ ಇದ್ರೂ ಎಳಿಗೆ ಎಳಿ ಕೊಂಡಿ ಹಾಕಿ ಒಂದ ಸೀರಿ ಮಾಡತೇವಿ. ಒಂದ ಆಟಕ್ಕ ಕೊಂಡಿ ಹಾಕಾಕ ಬರಂಗಿಲ್ಲೇನೋ ಮೌಲಾ?"

"ಅದಕ್ಕೂ ಎಳಿ ಕಾಣಬೇಕಲ್ಲಬೇ ಅಕ್ಕಾ. ಇದರದು ಎಳೀನ ಕಾಣವಲ್ದು."

ಹಾಗಾದರೆ ಹೊಸ ಫೋನಿಗೇ ಅದೇ ಆಟವನ್ನು ಹೊಸದಾಗಿ ಇಳಿಸಿದರಾಯಿತು ಎಂದೆ ನಾನು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಎರಡು ಸಲ ನೆಟ್ ಕಡಿಯಿತು. ಮೂರನೆಯ ಸಲ ಆಟ ಬಂತು. ಎಲ್ಲರೂ ಬಾಗಿ ನೋಡಿದೆವು. ಅದೇ ಕೆಂಪು, ಅದೇ ಹಸಿರು. ಆದರೆ ಹೊಸ ಫೋನಿನ ಪರದೆ ಅಗಲ, ಎತ್ತರ ಕಡಿಮೆ. ಆಟದ ಕೆಳಗಿನ ಸಾಲು ಪರದೆಯ ಹೊರಗೆ ಉಳಿದುಬಿಟ್ಟಿತು. ಅಕ್ಕನ ಕೆಂಪು ಕಾಯಿ ಸುತ್ತು ಮುಗಿಸಿ ಕೆಳಗಿಳಿದು ಮಾಯವಾಯಿತು.

"ನನ್ನ ಮನಿ ಎಲ್ಲೈತೋ?" ಎಂದಳು ಅಕ್ಕ.

ಮೌಲಾಸಾಬ ಫೋನನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದ. ಮನೆ ಬರಲಿಲ್ಲ.

ನನಗೆ ನೆನಪಾದದ್ದು ನಮ್ಮ ಹಳೆಯ ಮೀಟರ್ ಗೇಜ್ ಗಾಡಿ. ದಾರಿಯನ್ನು ಬ್ರಾಡ್ ಗೇಜ್ ಮಾಡುವ ಕೆಲಸ ಶುರುವಾದಾಗ, ಆ ಡಬ್ಬಿಗಳಿಗೆ ಏನಾಗಿತ್ತೆಂದು ನಾನು ಬಹಳ ಜನರನ್ನು ಕೇಳಿದ್ದೆ. ಕಿಟಕಿ ಗಟ್ಟಿಯಾಗಿತ್ತು, ಸೀಟು ಗಟ್ಟಿಯಾಗಿತ್ತು, ಗಾಲಿ ತಿರುಗುತ್ತಿತ್ತು. ಕೆಟ್ಟದ್ದು ಏನೂ ಇರಲಿಲ್ಲ. ಕಾಲ ಕೆಳಗಿನ ಹಳಿ ಮಾತ್ರ ಅಗಲವಾಗಿತ್ತು. ಅಷ್ಟಕ್ಕೇ ಅದರ ಬೆಲೆ ಹೋಯಿತೇ? ಹೋಗಿದ್ದರೆ ಎಲ್ಲಿಗೆ ಹೋಯಿತು? ಸೀಟಿನೊಳಗಿಂದ ಎದ್ದು ಹೋಯಿತೇ?

ಇದರ ಎದುರಿಗೆ ಇನ್ನೊಂದು ನೆನಪು ನಿಲ್ಲುತ್ತದೆ. ಬಾದಾಮಿಯಲ್ಲಿ ಕೆರೆಯ ದಂಡೆಯ ಹಾಸುಬಂಡೆಯೊಂದರ ಮೇಲೆ ಯಾರೋ ಎಂದೋ ಆಟದ ಮನೆಗಳನ್ನು ಕೊರೆದಿದ್ದಾರೆ. ಕಲ್ಲು ಕಡಿಯುವವರೋ, ಕಾವಲು ಕಾಯುವವರೋ, ಯಾರಿಗೆ ಗೊತ್ತು. ಅಕ್ಕ ಬಂದಿದ್ದಾಗ ನಾವಿಬ್ಬರೂ ಅದರ ಮೇಲೆ ಬಳೆಚೂರು ಇಟ್ಟು ಆಡಿದ್ದೆವು. ಅವಳ ಮಂಡಿ ಆಗ ಬಾಗುತ್ತಿತ್ತು. ಆ ಆಟವನ್ನು ಯಾರೂ ಹೊತ್ತುಕೊಂಡು ಹೋಗಲಾರರು, ಎರವಲು ಕೊಡಲಾರರು. ಬೇಕಾದರೆ ಅಲ್ಲಿಗೇ ಹೋಗಬೇಕು, ಆ ಬಿಸಿ ಕಲ್ಲಿನ ಮೇಲೇ ಕೂರಬೇಕು. ಹೊತ್ತು ಒಯ್ಯಲು ಬಾರದ್ದೆಂದು ಅದು ಕಡಿಮೆಯದಾಯಿತು ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅದೇ ಮಾತನ್ನು ಫೋನಿನ ಆಟಕ್ಕೆ ಹೇಳಬಹುದೇ? ಕಲ್ಲು ನಿಲ್ಲುತ್ತದೆ, ಫೋನು ನಿಲ್ಲುವುದಿಲ್ಲ. ಫೋನು ಹೋದ ದಿನ ಆಟವೂ ಹೋಗುತ್ತದೆ. ಕೊಂಡ ವಸ್ತುವನ್ನು ನನ್ನದೇ ಇನ್ನೊಂದು ಜೇಬಿಗೆ ಹಾಕಲು ನನಗೆ ಅಧಿಕಾರವಿಲ್ಲವೆಂದರೆ ನಾನು ಕೊಂಡದ್ದಾದರೂ ಏನು? ಹೀಗೆ ಎರಡೂ ಕಡೆಯ ಸಿಗ್ನಲ್ ಒಟ್ಟಿಗೆ ಬಿದ್ದು ನನ್ನ ತಲೆಯೊಳಗಿನ ಗಾಡಿ ನಡುದಾರಿಯಲ್ಲಿ ನಿಂತಿತು.

ಅಂಗಡಿಯಲ್ಲಿ ವಿಠ್ಠಲ ಹಳೆಯ ಫೋನನ್ನು ಮೌಲಾಸಾಬನ ಕಡೆಗೆ ಸರಿಸಿದ. "ಆತಲ್ಲ ಮಾಮಾ, ನೋಡಿದ್ವಿ. ಒಂದ ಆಟಕ್ಕ ಎಷ್ಟಂತ ಕುಂದ್ರೂದು?"

ಅಕ್ಕ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡುತ್ತಿದ್ದಳು. ಅವಳು ಜಗಳ ಮಾಡಿದ್ದರೆ ನಾನು ಬಹುಶಃ ವಿಠ್ಠಲನ ಕಡೆ ಸೇರುತ್ತಿದ್ದೆನೋ ಏನೋ. ನಾನು ಗಾಜಿನ ಮೇಲೆ ಕೈಯಿಟ್ಟು ಫೋನನ್ನು ಹಿಂದಕ್ಕೆ ಎಳೆದುಕೊಂಡೆ.

"ಇದು ಕೊಡಂಗಿಲ್ಲ. ಹೊಸಾದು ಮಾತಾಡಾಕ, ಇದು ಆಡಾಕ. ಎರಡೂ ಇರಲಿ. ಹೆಚ್ಚಿನ ರೊಕ್ಕ ನನ್ನ ಮ್ಯಾಲ."

"ಮಾಮಾ, ನೀವ ಹಿಂಗಂದ್ರ—"

"ಲೇ ವಿಠ್ಠಲ," ಎಂದ ಮೌಲಾಸಾಬ, "ಈತ ಗಾಡಿ ನಿಲ್ಲಿಸಿದ್ರ ಮಂತ್ರಿ ಬಂದ್ರೂ ಬಿಡತಿದ್ದಿಲ್ಲ. ನೀ ಚಹಾ ಕುಡಿ."

ಆದರೆ ಗಂಡಾಂತರ ಇನ್ನೂ ಮುಗಿದಿರಲಿಲ್ಲ. ಅಕ್ಕನ ಸಿಮ್ಮನ್ನು ತೆಗೆದು ಹೊಸದಕ್ಕೆ ಹಾಕಿದ ಕೂಡಲೇ ಹಳೆಯದು ಹಟ ಹಿಡಿಯಿತು. ಸಿಮ್ ಹಾಕು ಎನ್ನುವುದನ್ನು ಬಿಟ್ಟು ಬೇರೇನನ್ನೂ ತೋರಿಸಲೊಲ್ಲದು. ಆಟ ಒಳಗೇ ಇದೆ, ಬಾಗಿಲು ಮುಚ್ಚಿದೆ. ಅಕ್ಕ ಬಟ್ಟಲನ್ನು ಕೆಳಗಿಟ್ಟಳು. ನಾನು ಮೌಲಾಸಾಬನನ್ನು ನೋಡಿದೆ, ಅವನು ತಲೆ ಕೆರೆದುಕೊಂಡ. ಆಮೇಲೆ ಗಡಿಯಾರದ ಮುಳ್ಳುಗಳನ್ನು ಇಡುವ ಡಬ್ಬಿ ತೆಗೆದು ಕೆದಕಿ, ಒಂದು ಸಿಮ್ ಹೊರಗೆ ತೆಗೆದ.

"ಇದು ಸತ್ತ ಸಿಮ್. ಯಾರೋ ಬಿಟ್ಟು ಹೋಗ್ಯಾರ. ಹಾಕಿ ನೋಡೂಣು. ಇದಕ್ಕ ಜೀವ ಇದ್ರೇನು ಬಿಟ್ರೇನು, ಬರೇ ಹಾಜರಿ ಬೇಕೇನೋ."

ಹಾಕಿದ. ಫೋನು ಯೋಚಿಸಿತು. ನಾನು ಅಷ್ಟು ಉಸಿರು ಬಿಗಿಹಿಡಿದದ್ದು ಬಾದಾಮಿಯಲ್ಲಿ ತಡವಾದ ಗಾಡಿಗೂ ಅಲ್ಲ. ಪರದೆ ಬೆಳಗಿತು. ಕೆಂಪು, ಹಸಿರು, ಕೆಳಗೆ ಅಕ್ಕನ ಮನೆ, ಪೂರ್ತಿ.

"ಹಾಂ, ಐತಿ ಐತಿ," ಎಂದಳು ಅಕ್ಕ. ಅಲ್ಲೇ ಸ್ಟೂಲಿನ ಮೇಲೆಯೇ ಐದನ್ನು ಒತ್ತಿದಳು. "ಹಸರ ಯಾರದು? ಮೌಲಾ, ಬರ್ತೀಯೇನು?"

ಆ ಸಂಜೆ ಅವಳ ಮನೆಯಲ್ಲಿ ನಾವು ಮತ್ತೆ ಆಡಿದೆವು. ವಿಠ್ಠಲನೂ ಮಗ್ಗ ಬಿಟ್ಟು ಬಂದು ಹಿಂದೆ ನಿಂತು, "ಮಾಮಾ, ಒತ್ತರಿ, ಉಸುಕ ಹೊಂಟೈತಿ" ಎಂದು ನನಗೆ ಕಲಿಸತೊಡಗಿದ. ಉಸುಕು ಅಂದರೆ ಮರಳು. ಆದರೂ ನಾನು ಸೋತೆ. ಮರುದಿನ ಬಾಗಲಕೋಟೆಗೆ ಬಂದು ಚೀಲ ಬಿಚ್ಚಿದೆ. ಅಕ್ಕ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿಯ ಕೆಳಗೆ, ಸೀರೆಯ ಚೂರಿನಲ್ಲಿ ಸುತ್ತಿದ ತೆಳು ಪಿನ್ನಿನ ಚಾರ್ಜರು ಇತ್ತು. ಹಳೆಯ ಫೋನಿನದು, ಹೊಸ ಫೋನಿನ ಚಾರ್ಜರು ಅದಕ್ಕೆ ಹೊಂದುವುದಿಲ್ಲ. ಗಡಿಬಿಡಿಯಲ್ಲಿ ಬಂದುಬಿಟ್ಟಿದೆ ಎಂದುಕೊಂಡು ಕೂಡಲೇ ಫೋನು ಮಾಡಿದೆ. ಹೊಸ ಫೋನಿನಲ್ಲಿ ಅಕ್ಕನ ದನಿ ಪಕ್ಕದಲ್ಲೇ ಕೂತಂತೆ ಕೇಳಿಸಿತು.

"ಅಕ್ಕಾ, ನಿನ್ನ ಹಳೇ ಚಾರ್ಜರ್ ಮರತು ನನ್ನ ಚೀಲದಾಗ ಬಂದೈತಿ."

"ಮರತಿಲ್ಲ. ನಾನ ಹಾಕೇನಿ."

"ಯಾಕ? ಅದಿಲ್ದ ನೀ ಹೆಂಗ ಆಡತಿ?"

"ಆಡಂಗಿಲ್ಲ. ಫೋನಿನ ಕೂಡ ನಾ ಒಬ್ಬಾಕಿನ ಭಾಳ ಆಡೇನಿ, ಸಾಕಾಗೈತಿ. ಬಾದಾಮ್ಯಾಗ ನೀ ಒಂದ ಗುಂಡ ತೋರಿಸಿದ್ದಿ, ನೆನಪೈತೇನು? ಗುಂಡ ಕೈಯಾಗ ಇಲ್ದ ಗಾಡಿ ಹೊಂಡಂಗಿಲ್ಲ ಅಂದಿದ್ದಿ. ಈಗ ಗುಂಡ ನಿನ್ನ ಕಡೆ ಐತಿ, ಗಾಡಿ ನನ್ನ ಕಡೆ ಐತಿ. ಯಾವಾಗ ಹೊಂಡಸ್ತಿ ನೋಡು."

ನಾನು ಆ ಕೆಲಸದಲ್ಲೇ ಮುದುಕನಾದವನು. ಇಂಥ ಮಾತಿಗೆ ಉತ್ತರ ಹೇಗೆ ಕೊಡಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಹೇಳಿದ್ದನ್ನು ಅಕ್ಷರ ಬಿಡದೆ ತಿರುಗಿ ಹೇಳಿದೆ: "ಗುಂಡ ನನ್ನ ಕಡೆ, ಗಾಡಿ ನಿನ್ನ ಕಡೆ." ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿ, ಬಸ್ಸಿನ ವೇಳೆ ನೆನೆದು, ನಿಧಾನವಾಗಿ ಯೋಚಿಸಿ, "ಗುರುವಾರ" ಎಂದೆ.

ಅಷ್ಟು ಹೊತ್ತಾದರೂ ಈ ಸಲ ನನ್ನ ಸರದಿ ಹೋಗಿರಲಿಲ್ಲ. ಆ ಕಡೆ ಅಕ್ಕ ಫೋನು ಹಿಡಿದು ಕಾಯುತ್ತಲೇ ಇದ್ದಳು.